ಅಗ್ಗದ ಡಬ್ಬಿ, ಅಮೂಲ್ಯ ಬೀಜ



ಶಿವರಾತ್ರಿ, ಯುಗಾದಿ, ದೀಪಾವಳಿಗಳಂದು ಮಲೆ ಮಹದೇಶ್ವರನ ಜಾತ್ರೆಗೆ ಹೋದವರಿಗೆ ‘ಯಾವುದನ್ನಾದರೂ ಆರಿಸಿಕೊಳ್ಳಿ, ಒಂದೇ ಬೆಲೆ’ ಎಂಬ ಕೂಗು ಹೊಸದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸಂತೆಬೀದಿಗಳಲ್ಲಿಯೂ ಇಂಥ ರಾಶಿಯ ಮುಂದೆ ಜನ ಕುಕ್ಕರಗಾಲಿನಲ್ಲಿ ಕುಳಿತು ಆರಿಸುತ್ತಾರೆ. 1879ರಲ್ಲಿ ಅಮೆರಿಕದಲ್ಲಿ ವುಲ್‌ವರ್ತ್ ಎಂಬಾತ ಐದು ಸೆಂಟಿನ ಅಂಗಡಿ ತೆರೆದನು. ಅಂದಿನಿಂದಲೂ ಈ ವ್ಯಾಪಾರದ ಗುಟ್ಟು ಒಂದೇ: ಬೆಲೆಯನ್ನು ಮೊದಲು ಗೊತ್ತುಮಾಡಿ, ಸರಕನ್ನು ಆ ಬೆಲೆಗೆ ಹೊಂದಿಸುವುದು. ಆದುದರಿಂದಲೇ ರಾಶಿಯಲ್ಲಿ ಹೆಚ್ಚಿನವು ತೆಳುವಾಗಿರುತ್ತವೆ, ಬೇಗ ಮುರಿಯುತ್ತವೆ. ಮುರಿದದ್ದು ಹೊಲದ ಬದುವನ್ನೋ ಹಳ್ಳವನ್ನೋ ಸೇರುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕವು 2016ರಲ್ಲಿ, ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿರುವುದು ತಮಗೆ ತಿಳಿದೇ ಇದೆ.

ಹಾಗೆಂದು ಆ ರಾಶಿಯನ್ನೇ ಹಳಿಯುವುದು ನ್ಯಾಯವಲ್ಲ. ಅದರಲ್ಲಿ ಒಮ್ಮೊಮ್ಮೆ ನಿಜವಾದ ಲಾಭವೊಂದು ಅಡಗಿರುತ್ತದೆ. ಬಿಗಿಮುಚ್ಚಳದ ಗಾಜಿನ ಡಬ್ಬಿ ಅಂಥದ್ದು. ಉಪ್ಪಿನಕಾಯಿಗೆಂದು ಕೊಳ್ಳುವ ಆ ಡಬ್ಬಿ ಮನೆಯ ಬೀಜಭಂಡಾರವಾಗಬಲ್ಲದು.

ಬೀಜದ ಆಯುಷ್ಯವನ್ನು ನಿರ್ಧರಿಸುವುದು ಮುಖ್ಯವಾಗಿ ತೇವ ಮತ್ತು ತಾಪ. ತೇವಾಂಶವು ಶೇ 14ರಿಂದ 5ರ ನಡುವೆ ಇರುವಾಗ, ಶೇ 1ರಷ್ಟು ತೇವ ಕಡಿಮೆಯಾದರೆ ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜಶಾಸ್ತ್ರದ ಸ್ಥೂಲ ನಿಯಮ. ಅಂದರೆ ಶೇ 12ರಿಂದ 10ಕ್ಕೆ ಇಳಿಸಿದರೆ ನಾಲ್ಕು ಪಟ್ಟು. ಆದರೆ ಒಣಗಿದ ಬೀಜವು ಮಳೆಗಾಲದ ಗಾಳಿಯಿಂದ ತೇವವನ್ನು ಮರಳಿ ಹೀರುತ್ತದೆ. ಅದನ್ನು ತಡೆಯುವುದೇ ಬಿಗಿಮುಚ್ಚಳದ ಕೆಲಸ.

ಕೊಂಡ ಡಬ್ಬಿಯನ್ನು ಮುಚ್ಚಿ ನೀರಿನಲ್ಲಿ ಮುಳುಗಿಸಿ ನೋಡಿರಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆಯೆಂದು ತಿಳಿದು, ಹಳೆಯ ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ ಮುಚ್ಚಳದೊಳಗೆ ಕೂರಿಸಿರಿ. ಬಳಿಕ ಡಬ್ಬಿಯನ್ನು ಚೆನ್ನಾಗಿ ಒಣಗಿಸಿ, ಒಂದು ಹಿಡಿ ಬೀಜಕ್ಕೆ ಒಣ ಉಪ್ಪು ಬೆರೆಸಿ ಅದರಲ್ಲಿ ಕುಲುಕಿ, ಕಾಲು ಗಂಟೆ ಬಿಡಿರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಇನ್ನೆರಡು ಮೂರು ದಿನ ಎಳೆಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ತುಂಬಿರಿ. ಹಸಿ ಬೀಜವನ್ನು ಬಿಗಿದು ಮುಚ್ಚಿದರೆ ಅದು ಒಳಗೇ ಸಾಯುತ್ತದೆ. ಅವರೆ, ತೊಗರಿಯಾದರೆ ಡಬ್ಬಿಯ ಕಂಠದವರೆಗೂ ತುಂಬಬೇಕು. ಒಳಗೆ ಉಳಿದ ಅಲ್ಪ ಗಾಳಿ ಮುಗಿದಾಗ ಹುಳು ಬದುಕಲಾರದು.

ನಾಟಿ ರಾಗಿಗೆ ಎಕರೆಗೆ ಸುಮಾರು 2 ಕಿಲೋ ಬೀಜ ಸಾಕು. ಅಷ್ಟು ಬೀಜ ಒಂದೆರಡು ಡಬ್ಬಿಗಳಲ್ಲಿ ಹಿಡಿಯುತ್ತದೆ. ಬಿತ್ತುವ ಮುನ್ನ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 75 ಮೊಳೆತರೆ ನಿಶ್ಚಿಂತೆಯಿಂದ ಬಿತ್ತಬಹುದು.

ಬೆಟ್ಟದ ಸೋಲಿಗರೂ ಬಯಲಿನ ರೈತರೂ ರಾಗಿ, ಅವರೆ, ಹುಚ್ಚೆಳ್ಳುಗಳನ್ನು ಒಂದೇ ಹೊಲದಲ್ಲಿ ಬೆಳೆದವರು. ಆ ತಳಿಗಳನ್ನು ತಲೆಮಾರುಗಳಿಂದ ಕಾಯ್ದವರು ಮನೆಯ ಹೆಣ್ಣುಮಕ್ಕಳು. ಒಂದು ವರ್ಷ ಬೀಜ ಕೆಟ್ಟರೆ ಆ ತಳಿ ಊರಿನಿಂದಲೇ ಹೋಗಬಹುದು. ಆಮೇಲೆ ಅದು ಯಾವ ಸಂತೆಯಲ್ಲಿಯೂ ಯಾವ ಬೆಲೆಗೂ ಸಿಗದು. ಆದುದರಿಂದ ಈ ಸುಗ್ಗಿಯಲ್ಲಿ ಮನೆಗೊಂದು ಡಬ್ಬಿ ತುಂಬಿಸಿರಿ. ಅದರ ಮೇಲೆ ತಳಿಯ ಹೆಸರು, ಊರು, ವರ್ಷ ಬರೆದು ಅಂಟಿಸುವ ಕೆಲಸ ವಿದ್ಯಾರ್ಥಿಗಳದ್ದಾಗಲಿ.