ಜಗ್ಗುವ ಗೇರು, ಜಿಗಿಯುವ ಗೇರು



ಡ್ರ್ಯಾಗ್ ರೇಸ್ ಎಂದರೆ ಸಾಮಾನ್ಯವಾಗಿ 402 ಮೀಟರಿನ ನೇರ ದಾರಿ. ನಿಂತಲ್ಲಿಂದ ಹೊರಟು ಮೊದಲು ಮುಟ್ಟಿದವ ಗೆದ್ದ, ಅಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಅಂಥ ರೇಸಿನ ದಾರಿಯಿಲ್ಲ. ಆದರೆ ಅದರ ಅರ್ಧ ಶಾಸ್ತ್ರ ಬಲ್ಲವರು ಊರಿಗೆ ಹತ್ತು ಜನ ಸಿಗುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಿ ಹೊಲದಿಂದ ಎರಡು ಟ್ರೇಲರ್ ಜಗ್ಗಿಕೊಂಡು ರಸ್ತೆಗೆ ಏರುವ ಟ್ರ್ಯಾಕ್ಟರ್ ಡ್ರೈವರ್‌ಗಳೇ ಅವರು. ನಿಂತ ಭಾರವನ್ನು ಕದಲಿಸುವುದು ಹೇಗೆ ಎಂಬುದೇ ಇಬ್ಬರ ತಲೆನೋವೂ.

ಆ ಡ್ರೈವರ್ ಮಾಡುವುದನ್ನು ಗಮನಿಸಿ. ಲೋ ಫಸ್ಟ್ ಹಾಕುತ್ತಾನೆ, ರೇಸ್ ಏರಿಸುತ್ತಾನೆ, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾನೆ. ಒಮ್ಮೆಲೇ ಬಿಟ್ಟರೆ ಮುಂದಿನ ಗಾಲಿ ಎದ್ದು ನಿಲ್ಲುತ್ತದೆ. ಅದಕ್ಕೇ ಬಂಪರಿಗೆ ತೂಕ ಕಟ್ಟಿರುತ್ತಾರೆ. ಹಾಫ್ ಕ್ಲಚ್ಚಿನಲ್ಲೇ ಬಹಳ ಹೊತ್ತು ಹಿಡಿದರೆ ಪ್ಲೇಟು ಸುಟ್ಟ ನಾತ ಹೊಲದ ತುಂಬ. ಡ್ರ್ಯಾಗ್ ಕಾರೂ ಹೊರಡುವಾಗ ಮೂತಿ ಎತ್ತುತ್ತದೆ. ಅಲ್ಲಿ ಹಿಂಬದಿಗೆ ಸಣ್ಣ ಗಾಲಿಯ ಸರಳು ಕಟ್ಟಿ ಹದ್ದುಬಸ್ತಿನಲ್ಲಿಡುತ್ತಾರೆ.

ಕ್ಲಚ್ಚಿನ ಆ ಕಾಲಿನ ಕಸುಬನ್ನು ಆಟೊಮ್ಯಾಟಿಕ್‌ನಲ್ಲಿ ಎಣ್ಣೆ ಮಾಡುತ್ತದೆ. ಜರ್ಮನಿಯ ಹರ್ಮನ್ ಫೊಟ್ಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ಸಾಧನದ, ಅಂದರೆ ಟಾರ್ಕ್ ಕನ್ವರ್ಟರಿನ, ಪೇಟೆಂಟ್ ಪಡೆದ. ಗೋಕಾಕ ಫಾಲ್ಸ್‌ನಲ್ಲಿ 1887ರಿಂದ ಘಟಪ್ರಭೆಯ ನೀರು ಟರ್ಬೈನ್ ತಿರುಗಿಸಿದ್ದನ್ನು ಕಂಡ ನಮಗೆ ಇದು ಹೊಸತಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಟರ್ಬೈನಿನ ಎಲೆಗಳಿಗೆ ಎಸೆಯುತ್ತದೆ, ನಡುವಿನ ಸ್ಟೇಟರ್ ಮರಳುವ ಎಣ್ಣೆಯ ದಿಕ್ಕು ತಿರುವುತ್ತದೆ. ಕಾರು ನಿಂತಿರುವಾಗ ಟಾರ್ಕು, ಅಂದರೆ ತಿರುಗಿಸಿ ಜಗ್ಗುವ ಬಲ, ಸುಮಾರು ಇಮ್ಮಡಿಯಾಗುವುದು ಈ ಸ್ಟೇಟರಿನಿಂದಲೇ.

ಕನ್ವರ್ಟರ್ ಆರಿಸುವಾಗ ಕಾರು ಕಟ್ಟುವವರು ಎಡವುವುದು ಸ್ಟಾಲ್ ಸ್ಪೀಡಿನಲ್ಲಿ. ಗಾಲಿ ಅಲುಗದಂತೆ ಹಿಡಿದು ಪೂರ್ತಿ ರೇಸ್ ಕೊಟ್ಟಾಗ ಎಂಜಿನ್ ಎಷ್ಟು ಸುತ್ತಿನವರೆಗೆ ಏರುತ್ತದೆಯೋ ಅದೇ ಸ್ಟಾಲ್. ದಿನಬಳಕೆಯ ಕಾರಿಗೆ ನಿಮಿಷಕ್ಕೆ 2,000 ಸುತ್ತಿನ ಆಸುಪಾಸು ಸಾಕು. ರೇಸಿನದಕ್ಕೆ 5,000 ದಾಟುವುದೂ ಉಂಟು. ಎಂಜಿನ್ನಿನ ಜಗ್ಗುವ ಬಲ ಯಾವ ಸುತ್ತಿನಲ್ಲಿ ತುದಿ ಮುಟ್ಟುತ್ತದೋ ಅದರ ಹತ್ತಿರಕ್ಕೆ ಸ್ಟಾಲ್ ಬರಬೇಕು. ಕಡಿಮೆಯಾದರೆ ಕಾರು ತೂಕಡಿಸುತ್ತ ಹೊರಡುತ್ತದೆ, ಹೆಚ್ಚಾದರೆ ಎಣ್ಣೆ ಕಾಯುತ್ತದೆ.

ಗೇರ್ ಬಾಕ್ಸಿನ ಆಯ್ಕೆಯಲ್ಲಿ ಎರಡು ಹಳೆಯ ಹೆಸರುಗಳು ಇನ್ನೂ ಚಲಾವಣೆಯಲ್ಲಿವೆ. 1950ರಲ್ಲಿ ಬಂದ ಶೆವ್ರೊಲೆ ಪವರ್‌ಗ್ಲೈಡ್‌ಗೆ ಇರುವುದು ಎರಡೇ ಗೇರು. 1964ರ ಟರ್ಬೊ 400ಕ್ಕೆ ಮೂರು, ಮೊದಲ ಗೇರಿನ ಅನುಪಾತ 2.48. ನಮ್ಮ ಟ್ರ್ಯಾಕ್ಟರುಗಳಲ್ಲಿ ಮುಂದಕ್ಕೇ ಎಂಟು ಗೇರು ಸಾಮಾನ್ಯ, ಹಾಗಾಗಿ ಎರಡು ಎಂದರೆ ನಗು ಬರಬಹುದು. ಹಗುರ ಕಾರು, ಭಾರಿ ಎಂಜಿನ್ ಇದ್ದಲ್ಲಿ ಎರಡೇ ಲೇಸು: ಗೇರು ಬದಲಾಗುವುದು ಒಂದೇ ಸಲ, ಒಳಗೆ ತಿರುಗುವ ಭಾಗಗಳ ತೂಕವೂ ಕಡಿಮೆ. ಕಾರು ಭಾರ, ಎಂಜಿನ್ ಸಾಧಾರಣ ಎಂದರೆ ನಾನು ಮೂರು ಗೇರಿನದನ್ನೇ ಹೇಳುತ್ತೇನೆ. ಅಂದಹಾಗೆ, ಎಲ್ಲಕ್ಕಿಂತ ವೇಗದ ಟಾಪ್ ಫ್ಯುಯೆಲ್ ಕಾರುಗಳಲ್ಲಿ ಆಟೊಮ್ಯಾಟಿಕ್ ಇಲ್ಲವೇ ಇಲ್ಲ. ಜಾರುತ್ತ ಹಿಡಿಯುವ ಹಲವು ಪ್ಲೇಟುಗಳ ಕ್ಲಚ್ಚೇ ಅವುಗಳ ಬಲ.

ಗೇರ್ ಬಾಕ್ಸ್ ಕಟ್ಟುವಾಗ ಮೊದಲ ಶತ್ರು ಧೂಳು. ನೂಲು ಬಿಡುವ ಅರಿವೆಯಿಂದ ಒರೆಸಿದರೆ ಆ ನೂಲೇ ವಾಲ್ವ್ ಬಾಡಿಯ ಸಂದಿಗೆ ಸಿಕ್ಕಿ ವಾಲ್ವು ಅಂಟುತ್ತದೆ. ಹೊಸ ಕ್ಲಚ್ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಸಿ, ಜೋಡಿಸಿ, ಫೀಲರ್ ಗೇಜಿನಿಂದ ಸಂದು ಅಳೆಯಬೇಕು. ಮಾಮೂಲಿ ಇನ್‌ಪುಟ್ ಶಾಫ್ಟನ್ನು ನಂಬದೆ ಹದ ಕೊಟ್ಟ ಉಕ್ಕಿನದು ಹಾಕಬೇಕು. ಟ್ರಾನ್ಸ್‌ಬ್ರೇಕ್ ಇದ್ದರಂತೂ ಇದು ಕಡ್ಡಾಯ: ಅದು ಮೊದಲ ಗೇರು, ರಿವರ್ಸ್ ಎರಡನ್ನೂ ಒಟ್ಟಿಗೆ ಹಿಡಿದು ಕಾರನ್ನು ಕಟ್ಟಿಹಾಕುತ್ತದೆ, ಗುಂಡಿ ಬಿಟ್ಟ ಕ್ಷಣ ಎಲ್ಲ ಬಲವೂ ಶಾಫ್ಟಿಗೆ ಬಡಿಯುತ್ತದೆ. ಎಣ್ಣೆಗೆ ಬೇರೆಯೇ ಕೂಲರ್ ಬೇಕು. ಕೆಂಪೆಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಯಾನ್ ಬಿಚ್ಚಿ: ಕಪ್ಪು ಹುಡಿಯಾದರೆ ಪ್ಲೇಟು ಸವೆದಿದೆ, ಹೊಳೆಯುವ ಚೂರಾದರೆ ಒಳಗಿನ ಲೋಹವೇ ಹೋಗಿದೆ.

ಈ ಸಭೆಯಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಅಂಗಡಿಗೆ ಹೋಗುವ ಮೊದಲು ಕಾರನ್ನು ಡ್ರೈವರ್ ಸಮೇತ ಕಾಟಾದ ಮೇಲೆ ನಿಲ್ಲಿಸಿ. ನಿಮಗೆ ಬೇಕಾದ್ದು ತೂಕದ ಚೀಟಿ. ಆ ಚೀಟಿ, ಟೈರಿನ ಎತ್ತರ, ಎಂಜಿನ್ನಿನ ಟಾರ್ಕಿನ ಗೆರೆ, ಈ ಮೂರನ್ನೂ ಕೈಯಲ್ಲಿ ಹಿಡಿದೇ ಕನ್ವರ್ಟರ್ ಕೇಳಿ.