ಸೇರು ರಾಗಿ, ಸೇರು ಪುರಿ

ಬೆಳಗ್ಗೆಯಿಂದ ಬೀಕರು ಕಾಯುತ್ತ ಕೂತಿರುವ ಮಕ್ಕಳೇ,

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಅಂತ ಬರೆದು ನಾನು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅರ್ಥ ಮಾತ್ರ ಆಗಿರಲಿಲ್ಲ. ಅರ್ಥ ಮಾಡಿಸಿದ್ದು ಅಜ್ಜಿಯ ಹಿತ್ತಾಳೆ ಸೇರು. ಅದರ ತುಂಬ ರಾಗಿ ಹಾಕಿ ಎತ್ತಿದರೆ ಕೈ ಸೋಲುತ್ತಿತ್ತು. ಅದೇ ಸೇರಿಗೆ ಕಡ್ಲೆಪುರಿ ತುಂಬಿದರೆ ಹಿತ್ತಾಳೆಯ ಭಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಜಾಗ ಅಷ್ಟೇ, ಅದರೊಳಗೆ ಹಿಡಿದ ಸರಕು ಬೇರೆ. ರಾಗಿ ಕೊಳ್ಳುವಾಗ ಅಜ್ಜಿ ಸೇರನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿಸದೆ ಬಿಡುತ್ತಿರಲಿಲ್ಲ. ಕಾಳಿನ ಸಂದಿಯ ಗಾಳಿ ಹೋಗಿ ಇನ್ನೊಂದು ಹಿಡಿ ಒಳಗೆ ಕೂರುತ್ತಿತ್ತು. ಅಳತೆ ಅದೇ ಸೇರು, ತೂಕ ಮಾತ್ರ ಜಾಸ್ತಿ! ಅಂಗಡಿಯವನ ಮುಖ ನೋಡಬೇಕಿತ್ತು.

ನಿಮ್ಮ ಮನೆಯಲ್ಲಿ ಈಗ ಸೇರು ಇರಲಿಕ್ಕಿಲ್ಲ. ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಇದ್ದರೆ ತಿರುಗಿಸಿ ಓದಿ. ಒಂದು ಲೀಟರ್ ಅಂತ ಬರೆದ ಪಕ್ಕದಲ್ಲೇ ಸಾಮಾನ್ಯವಾಗಿ 910 ಗ್ರಾಂ ಅಂತ ಇರುತ್ತದೆ. ಇದು ಮೋಸ ಅಂತ ನಮ್ಮ ಪಕ್ಕದ ಮನೆಯವರು ಒಂದಿಡೀ ಸಂಜೆ ವಾದ ಮಾಡಿದ್ದರು. ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಎಣ್ಣೆ ಅಷ್ಟು ತೂಗುವುದಿಲ್ಲ, ಅಷ್ಟೇ.

ಬೆಂಗಳೂರಿನ ಈ ಶ್ರೀಗಂಧದ ಕಾವಲಿಗೆ ಬಂದು ಗಂಧದ ಮಾತಾಡದೆ ಹೋಗುವುದು ಹೇಗೆ? 1914ರ ಯುದ್ಧದಿಂದ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಯುರೋಪಿಗೆ ಹೋಗುವುದಕ್ಕೆ ಕುತ್ತು ಬಂತು. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ, ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ, ಬೆಂಗಳೂರಿನಲ್ಲೇ ಎಣ್ಣೆ ಇಳಿಸಿ ತೋರಿಸಿದರು. ಮರದ ಚೇಗನ್ನು ಪುಡಿ ಮಾಡಿ ಹಬೆ ಹಾಯಿಸುತ್ತಾರೆ. ಹಬೆ ತಣಿದಾಗ ನೀರೂ ಎಣ್ಣೆಯೂ ಕೂಡಿಯೇ ಇಳಿಯುತ್ತವೆ. ಬೇರ್ಪಡಿಸುವುದಕ್ಕೆ ಯಾವ ಮಂತ್ರವೂ ಬೇಡ. ಒಂದು ಮಿಲಿಲೀಟರ್ ನೀರು 1 ಗ್ರಾಂ ಇದ್ದರೆ ಗಂಧದೆಣ್ಣೆ ಸುಮಾರು 0.97 ಗ್ರಾಂ. ನೂರಕ್ಕೆ ಮೂರರಷ್ಟು ಹಗುರ, ಅದಕ್ಕೇ ಮೇಲೆ ತೇಲುತ್ತದೆ. ಅಂತರ ಇಷ್ಟು ಚಿಕ್ಕದಾದ್ದರಿಂದ ಅದು ಅಡುಗೆ ಎಣ್ಣೆಯ ಹಾಗೆ ಚಟ್ಟನೆ ಮೇಲೇಳುವುದಿಲ್ಲ, ಸ್ವಲ್ಪ ಹೊತ್ತು ಕಾಯಿಸುತ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ ಬಂದದ್ದು ಆ ಮೂರರ ದಾರಿಯಿಂದಲೇ.

ಭಾಷಣ ಸಾಕು. ಬಾಗಿಲ ಬಳಿಯ ಮೇಜಿನಲ್ಲಿ ಒಬ್ಬ ಹುಡುಗಿ ಉಪ್ಪುನೀರಿನಲ್ಲಿ ಮೊಟ್ಟೆ ತೇಲುತ್ತಿಲ್ಲ ಅಂತ ಮುಖ ಸಪ್ಪಗೆ ಮಾಡಿ ನಿಂತಿದ್ದಾಳೆ. ಪುಟ್ಟಿ, ಉಪ್ಪು ತಳದಲ್ಲೇ ಕೂತಿದೆ ನೋಡು. ಇನ್ನೆರಡು ಚಮಚ ಹಾಕಿ ಚೆನ್ನಾಗಿ ಕದಡು. ನಾವು ಉದ್ಘಾಟನೆಯ ಟೇಪು ಕತ್ತರಿಸಿ ಬರುತ್ತೇವೆ.