ಹಡಗು ಅವರದು, ಪೆಟ್ಟು ನಮ್ಮದು
(ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಯುವಕರ ಮುಂದೆ ಆಡಿದ ಮಾತು)



ಚಿಂತಾಕಿಯಲ್ಲಿ ನಿಂತು ಹಡಗಿನ ಮಾತಾಡುತ್ತಾನಲ್ಲ ಎಂದು ನಗಬೇಡಿ. ಬೀದರ ಜಿಲ್ಲೆಗೆ ಸಮುದ್ರವಿಲ್ಲ, ನಿಜ. ಆದರೆ ಔರಾದ, ಭಾಲ್ಕಿಯ ಹುಡುಗರು ಹೈದರಾಬಾದು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಮೂಟೆ ಬಿದ್ದು ಬೆನ್ನು ಮುರಿದರೆ ಕೇಳುವ ಪ್ರಶ್ನೆ ಒಂದೇ: ಹೊಣೆ ಯಾರದು? ಮಾಲೀಕ ಗುತ್ತೇದಾರನ ಕಡೆ ಕೈ ತೋರಿಸುತ್ತಾನೆ. ಗುತ್ತೇದಾರ ಫೋನೇ ಎತ್ತುವುದಿಲ್ಲ!

ಈ ಆಟ ಅಮೆರಿಕದಲ್ಲೂ ನಡೆದಿದೆ. ಕಟಕಟೆ ಏರಿದ್ದು ನಮ್ಮ ದೇಶದ್ದೇ ಕಂಪನಿ, ಮುಂಬೈಯ ಸಿಂಧಿಯಾ. 1972ರ ಡಿಸೆಂಬರಿನಲ್ಲಿ ಅದರ ‘ಜಲರಾಜನ್’ ಹಡಗಿಗೆ ಸಿಯಾಟಲ್ ಬಂದರಿನಲ್ಲಿ ಗೋಧಿ ಚೀಲ ತುಂಬುತ್ತಿದ್ದರು. ಕೂಲಿಗಳು ಗುತ್ತಿಗೆ ಕಂಪನಿಯವರು. ಚೀಲ ಇಳಿಸುವ ವಿಂಚ್ ಯಂತ್ರ ಮಾತ್ರ ಹಡಗಿನದು. ಎರಡು ದಿನದಿಂದ ಅದರ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಕೆಲಸ ನಿಲ್ಲಲಿಲ್ಲ. ಚೀಲಗಳು ಜಾರಿ ಕೆಳಗಿದ್ದ ಕೂಲಿಯ ಮೇಲೆ ಬಿದ್ದವು.

1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು: ಕೆಲಸ ಗುತ್ತಿಗೆಗೆ ಒಪ್ಪಿಸಿದ ಮೇಲೆ ಹಡಗಿನವರು ಕಾವಲು ನಿಲ್ಲಬೇಕಿಲ್ಲ. ಆದರೆ ತಮ್ಮ ಯಂತ್ರ ಕೆಟ್ಟಿದೆ, ಗುತ್ತೇದಾರ ಅದರಲ್ಲೇ ಕೂಲಿಗಳ ಜೀವಕ್ಕೆ ಸಂಚಕಾರ ತರುತ್ತಿದ್ದಾನೆ ಎಂದು ಗೊತ್ತಿದ್ದೂ ಕೈಕಟ್ಟಿ ಕೂತರೆ ಹೊಣೆ ತಪ್ಪದು. ಗೊತ್ತಿತ್ತೋ ಇಲ್ಲವೋ ವಿಚಾರಣೆಯಾಗಲಿ ಎಂದು ಮೊಕದ್ದಮೆ ಕೆಳಗಿನ ಕೋರ್ಟಿಗೆ ಮರಳಿತು. ಪೆಟ್ಟು ಬಿದ್ದು ಎಂಟು ವರ್ಷ ಕಳೆದ ಮೇಲೆ! ನನ್ನ ಮಟ್ಟಿಗೆ ಇದು ಅರ್ಧ ನ್ಯಾಯ. ಮಾಲೀಕನಿಗೆ ಏನು ಗೊತ್ತಿತ್ತೆಂದು ಕೂಲಿ ಹೇಗೆ ತೋರಿಸಿಯಾನು?

ಈ ಒಂದು ವಿಷಯದಲ್ಲಿ ನಮ್ಮ ಕಾನೂನೇ ಮೇಲು. ತನ್ನ ದಂಧೆಯ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೇ ಗಾಯಾಳುವಿಗೆ ಪರಿಹಾರ ಕೊಡಬೇಕು. ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ. ಮಾಲೀಕನ ತಪ್ಪನ್ನು ಕೂಲಿ ಸಾಬೀತು ಮಾಡಬೇಕಿಲ್ಲ. 1923ರ ಪರಿಹಾರ ಕಾಯ್ದೆಯಿಂದ ಬಂದ ನಿಯಮ ಇದು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ.

ಇನ್ನೊಂದು ಮಾತು ಎಷ್ಟು ಜನಕ್ಕೆ ಗೊತ್ತು? 1995ರ ತಿದ್ದುಪಡಿಯಿಂದ, ಗಾಯಾಳು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ಮುಂಬೈಯಲ್ಲಿ ಕೈ ಹೋದ ಚಿಂತಾಕಿಯ ಹುಡುಗ ಮುಂಬೈಗೆ ಅಲೆಯಬೇಕಿಲ್ಲ, ಬೀದರಿನಲ್ಲೇ ಕೇಳಬಹುದು. ಎರಡು ವರ್ಷದೊಳಗೆ ಕೇಳಬೇಕು, ಅಷ್ಟೆ. ಇಂಗ್ಲಿಷ್ ಬರುವುದಿಲ್ಲವೇ? ಅಧಿಕಾರಿಗೆ ಅಹವಾಲನ್ನು ಕನ್ನಡದಲ್ಲೇ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಹಬ್ಬ ಮುಗಿಸಿ ಮತ್ತೆ ಬಸ್ಸು ಹತ್ತುತ್ತೀರಿ. ಗುತ್ತೇದಾರನ ಹೆಸರು ಸಾಲದು, ಕೆಲಸ ಕೊಟ್ಟ ಮೂಲ ಕಂಪನಿಯ ಹೆಸರು ಕೇಳಿ ಬರೆದು ಮನೆಯಲ್ಲಿಡಿ. ಗೇಟ್ ಪಾಸ್, ಆಸ್ಪತ್ರೆ ಚೀಟಿ ಎಸೆಯಬೇಡಿ. ಓದಲಾಗದ ಕಾಗದಕ್ಕೆ ಯಾರು ಎಷ್ಟೇ ಪುಸಲಾಯಿಸಿದರೂ ಸಹಿ ಹಾಕಬೇಡಿ.